ನೋವೇ ಇಲ್ಲ ಎಂದ ಟೈಲರಮ್ಮ

ಟೈಲರಮ್ಮನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮಿಷಿನ್ನು, ಗೋಡೆಗೆ ಒರಗಿಸಿದ ಬಟ್ಟೆಯ ಗಂಟುಗಳು, ಮೂಲೆಯಲ್ಲಿ ಗಂಡ. ಗಂಡ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಗುಂಡಿ ಹಚ್ಚುವುದು, ಹೆಂಡತಿಯ ಕೈಲಿ ಬೈಸಿಕೊಳ್ಳುವುದು ಎರಡೂ ಅವರ ಕೆಲಸ.

ಟೈಲರಮ್ಮ ಮಿಷಿನ್ನು ತುಳಿಯುವುದು ಬರಿಗಾಲಲ್ಲೇ. "ಚಪ್ಪಲಿ ಹಾಕ್ಕೊಂಡ್ರೆ ಅದು ನನ್ನ ಮಾತು ಕೇಳಲ್ಲ" ಎನ್ನುತ್ತಿದ್ದರು. ಈಚೆಗೆ ಬರಿಗಾಲಿನ ಮಾತನ್ನೂ ಕೇಳುತ್ತಿರಲಿಲ್ಲ. ಕಾಲು ಪೆಡಲಿನಿಂದ ಜಾರಿದ್ದು ಸೂಜಿ ನಿಂತ ಮೇಲೆಯೇ ಗೊತ್ತಾಗುತ್ತಿತ್ತು. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಪಾದ ಮೊದಲು ಜುಮುಗುಟ್ಟಿತು, ಆಮೇಲೆ ಉರಿಯಿತು, ಆಮೇಲೆ ಸುಮ್ಮನಾಯಿತು. ಉರಿ ಹೋಯಿತಲ್ಲ, ಪೀಡೆ ತೊಲಗಿತು ಎಂದು ಅವರು ಖುಷಿಪಟ್ಟಿದ್ದರು.

ಆದರೂ ಒಂದು ಹಂಬಲ ಒಳಗೇ ಕೊರೆಯುತ್ತಿತ್ತು. ಒರೆಸಿದ ನೆಲದ ತಂಪು ಅಂಗಾಲಿಗೆ ಮತ್ತೆ ಬೇಕಿತ್ತು. ಯಾರಿಗೂ ಹೇಳದ ಇನ್ನೊಂದು ಆಸೆಯೂ ಇತ್ತು. ಚಳಿಗಾಲದಲ್ಲಿ ಹೊದಿಕೆಯೊಳಗೆ ಗಂಡನ ಕಾಲು ತಗುಲಿದರೆ, "ಅಯ್ಯೋ, ಐಸು! ಆ ಕಡೆ ಎಳ್ಕೊಳ್ರೀ" ಎಂದು ಬೈಯುವುದು ಮದುವೆಯಾದಂದಿನಿಂದ ನಡೆದುಬಂದದ್ದು. ಈಗ ಆ ಕಾಲು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಗಂಡನನ್ನು ಬೈಯಲಾಗಲಿಲ್ಲವೆಂದು ಕಣ್ಣಲ್ಲಿ ನೀರು ಬರುತ್ತದೆ ಎಂದರೆ ಯಾರು ನಂಬುತ್ತಾರೆ?

ಒಂದು ಮಧ್ಯಾಹ್ನ ಚಿಂದಿ ಗುಡಿಸುತ್ತಿದ್ದ ಗಂಡನಿಗೆ ನೆಲದ ಮೇಲೆ ಕೆಂಪು ಕಲೆ ಕಂಡಿತು. ಹೆಂಡತಿಯ ಕಾಲೆತ್ತಿ ನೋಡಿದರು.

"ಏನೇ ಇದು, ಗುಂಡುಪಿನ್ನು ಪೂರ್ತಿ ಒಳಗೆ ಹೋಗಿದೆ!"

"ಹೌದಾ? ನೋವೇ ಇಲ್ವಲ್ಲ!"

ಅದೇ ಹೊತ್ತಿಗೆ ಪಕ್ಕದ ಮನೆಯ ನಂಬರಕ್ಕ ಹೊಲಿಯಲು ಕೊಟ್ಟಿದ್ದ ಪರದೆ ಕೇಳಲು ಬಂದಳು. ಅವಳ ಕೆಲಸ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ. ಡಾಕ್ಟರುಗಳು ಬರೆದದ್ದನ್ನು ಓದಿ ಒಂದೊಂದು ಕಾಯಿಲೆಗೂ ಅದರದೇ ಕೋಡ್ ನಂಬರು ಹಾಕುತ್ತಾಳೆ. ಅದಕ್ಕೇ ಬೀದಿಯವರೆಲ್ಲ ಇಟ್ಟ ಹೆಸರು ಅದು.

"ಅತ್ತೆ, ನೋವಿಲ್ಲ ಅನ್ನೋದೇ ಇಲ್ಲಿ ಕೆಟ್ಟ ಸುದ್ದಿ. ಸಕ್ಕರೆಯಿಂದ ನರ ಹಾಳಾಗಿರಬಹುದು. ಹೋದ ಸಲ ಡಾಕ್ಟರಿಗೆ ಏನಂದ್ರಿ?"

"ಕಾಲು ಹೇಗಿದೆ ಅಂದ್ರು. ನೋವಿಲ್ಲ ಅಂದೆ. ಸುಳ್ಳಾ?"

ಮಿಷಿನ್ನಿನ ಡ್ರಾಯರಿನಿಂದ ಹೋದ ಸಲ ಡಾಕ್ಟರು ಬರೆದ ಚೀಟಿ ಹೊರಬಂತು. 'ಸಕ್ಕರೆ ಕಾಯಿಲೆ. ಪಾದದ ತೊಂದರೆ ಇಲ್ಲ' ಎಂದಿತ್ತು.

"ಇದನ್ನ ಓದಿದೋರು ಬರೀ ಸಕ್ಕರೆ ಕಾಯಿಲೆಯ ಕೋಡ್ ಹಾಕಿರ್ತಾರೆ. ನಮ್ಮ ಆಸ್ಪತ್ರೆಯ ಪಾದದ ವಿಭಾಗದವರು ಯಾರನ್ನ ಕರೆಸಿ ನೋಡಬೇಕು ಅಂತ ತಿಳ್ಕೊಳ್ಳೋದು ಆ ಕೋಡಿಂದ. ಸಕ್ಕರೆಯಿಂದ ನರಕ್ಕೆ ಹಾನಿ ಅಂತ ಇದ್ರೆ ಕರೀತಾರೆ. ನಿಮ್ಮನ್ನ ಯಾಕೆ ಕರೀತಾರೆ?"

"ಅಷ್ಟೇನಾ! ನೀನು ನಮ್ಮ ಹುಡುಗಿ ಅಲ್ವೇನೇ? ನಾಳೆ ಹೋಗಿ ಆ ನಂಬರು ಬದಲಾಯಿಸ್ಬಿಡು."

"ಅದಾಗಲ್ಲ ಅತ್ತೆ. ಡಾಕ್ಟರು ಬರೆದದ್ದಕ್ಕೆ ಮಾತ್ರ ನಾನು ಕೋಡ್ ಹಾಕೋದು. ಅಳತೆ ಕೊಡದೆ ಅಂದಾಜಲ್ಲಿ ಹೊಲೀರಿ ಅಂದೋರನ್ನ ನೀವು ಬಾಗಿಲಿಂದಲೇ ಓಡಿಸಲ್ವಾ? ನೀವೂ ಡಾಕ್ಟರಿಗೆ ಅಳತೆ ಕೊಟ್ಟಿಲ್ಲ."

ತಮ್ಮ ಕತ್ತರಿ ತಮಗೇ ತಿರುಗಿತು. ಟೈಲರಮ್ಮ ಮೆಲ್ಲಗೆ ಕೇಳಿದರು: "ಹೋದ್ರೆ ಕಾಲು ತೆಗೀಬೇಕು ಅಂದ್ರೆ? ಮಿಷಿನ್ನು ಯಾರು ತುಳೀತಾರೆ?"

"ಹೋಗದೆ ಕೂತ್ರೇನೇ ಆ ಮಾತು ಬರೋದು. ಈ ಗಾಯ ಕೊಳೆತರೂ ನಿಮಗೆ ಗೊತ್ತಾಗಲ್ಲ. ಆ ಕಾಲು ಊರಬೇಡಿ. ಈಗಲೇ ಹೊರಡಿ. ಮಾವ, ಗಾಡಿ ಕರೀರಿ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಿನ್ನು ತೆಗೆದು ಗಾಯ ತೊಳೆದರು. "ಕಾಲು ಯಾವಾಗಿಂದ ಹೀಗೆ?"

"ಏನಿಲ್ಲ ಡಾಕ್ಟ್ರೇ..." ಎಂದು ಅಭ್ಯಾಸದಂತೆ ಶುರುಮಾಡಿದ ಟೈಲರಮ್ಮ ನಾಲಿಗೆ ಕಚ್ಚಿಕೊಂಡರು.

"ಹೋದ ಚಳಿಗಾಲದಿಂದ" ಎಂದರು ಗಂಡ. "ನನ್ನ ಕಾಲು ತಗುಲಿದ್ರೆ ಐಸು ಅಂತ ಬೈಯೋಳು. ಆ ಚಳಿಗಾಲ ಬೈಲೇ ಇಲ್ಲ. ನನ್ನ ಮೇಲೆ ಬೇಜಾರೇನೋ ಅಂತ ನಾನೇ ಕಾಲು ದೂರ ಇಟ್ಕೊಂಡೆ."

ಟೈಲರಮ್ಮ ಗಂಡನನ್ನೇ ನೋಡಿದರು. ಒಂದೇ ಹೊದಿಕೆಯಡಿ ಈ ಪುಣ್ಯಾತ್ಮರೂ ಹಂಬಲಿಸುತ್ತಿದ್ದರು! "ಬೇಜಾರಲ್ಲ ರೀ. ತಗುಲಿದ್ದೇ ಗೊತ್ತಾಗ್ತಿರ್ಲಿಲ್ಲ" ಎಂದರು.

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು, ತಾಗಿದಾಗಲೆಲ್ಲ ತಿಳಿಸಲು ಹೇಳಿದರು. ನೈಲಾನ್ ದಾರದಂಥ ಎಳೆಯೊಂದನ್ನು ಪಾದದ ಅಲ್ಲಲ್ಲಿ ಒತ್ತುತ್ತಾ ಬಂದರು. ಟೈಲರಮ್ಮ ಕಾದರು, ಕಾದರು.

"ಶುರು ಮಾಡಿ ಡಾಕ್ಟ್ರೇ."

"ಮುಗೀತಮ್ಮ."

ಜೀವಮಾನವೆಲ್ಲ ದಾರದೊಂದಿಗೆ ಕಳೆದವರಿಗೆ ದಾರ ತಾಗಿದ್ದೂ ತಿಳಿಯಲಿಲ್ಲ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಈ ಸಲ ಚೀಟಿಯಲ್ಲಿ ಎಲ್ಲ ಸ್ಪಷ್ಟವಾಗಿ ಬಂತು: 'ಸಕ್ಕರೆ ಕಾಯಿಲೆಯಿಂದ ಎರಡೂ ಪಾದಗಳ ನರಗಳಿಗೆ ಹಾನಿ. ಸ್ಪರ್ಶ ತಿಳಿಯುವುದಿಲ್ಲ. ಬಲ ಅಂಗಾಲಲ್ಲಿ ಗಾಯ.' ಅದಕ್ಕೆ ತಕ್ಕ ಕೋಡ್ ಬಿತ್ತು. ಪಾದದ ವಿಭಾಗದಿಂದ ಕರೆ ಬಂತು. "ಹೋದ ಸ್ಪರ್ಶ ಮರಳುತ್ತೆ ಅಂತ ಮಾತು ಕೊಡಲಾರೆ. ಸಕ್ಕರೆ ಹತೋಟಿಯಲ್ಲಿಟ್ಟು ಕಾಲು ಉಳಿಸ್ಕೊಳ್ಳೋಣ" ಎಂದರು ಡಾಕ್ಟರಮ್ಮ. ಗಾಯ ಮಾಯಿತು. ಕಾಲಿಗೆ ಮೆತ್ತನೆಯ ಶೂ ಬಂತು. ಮಿಷಿನ್ನು ಮೊದಮೊದಲು ಮುನಿಸಿಕೊಂಡರೂ ಆಮೇಲೆ ದಾರಿಗೆ ಬಂತು.

ಈಗ ಪ್ರತಿ ಸಂಜೆ ಗಂಡ ಹೆಂಡತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಸಂದಿಯನ್ನೂ ಬಿಡದೆ ನೋಡುತ್ತಾರೆ. ಅದು ಮುಗಿದ ಮೇಲೆ ಟೈಲರಮ್ಮ ಗಂಡನ ಪಾದಗಳನ್ನು ಎರಡೂ ಅಂಗೈಯಲ್ಲಿ ಹಿಡಿಯುತ್ತಾರೆ. ಕೈಗೆ ಇನ್ನೂ ಎಲ್ಲ ತಿಳಿಯುತ್ತದೆ.

"ಅಯ್ಯೋ, ಐಸು!"

ಗಂಡ ಕಾಲು ಎಳೆದುಕೊಳ್ಳುವುದಿಲ್ಲ. ಟೈಲರಮ್ಮನೂ ಬಿಡುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರಿದ್ದರೆ ಇವತ್ತೇ ಅವರ ಅಂಗಾಲು ತಿರುಗಿಸಿ ನೋಡಿ. ಜುಮುಗುಟ್ಟಿದರೂ, ಉರಿದರೂ, ಏನೂ ತಿಳಿಯದೆ ಹೋದರೂ ಡಾಕ್ಟರಿಗೆ ಬಿಡಿಸಿ ಹೇಳಿ. ಹೇಳಿದ್ದು ಚೀಟಿಯಲ್ಲಿ ಬಂತೇ ಎಂದು ಕೇಳಿ ತಿಳಿದುಕೊಳ್ಳಿ. ನಿಮ್ಮ ಕಾಲು ಸುಮ್ಮನಾಗಿದ್ದರೆ ಅದರ ಪರವಾಗಿ ನೀವೇ ಬಾಯಿ ಬಿಡಬೇಕು.