ನಳಿಗೆಯಲ್ಲಿ ಸಿಕ್ಕಿಕೊಂಡ ಗುಂಡು

ವಾರದಲ್ಲಿ ಭಾನುವಾರದ ಬೆಳಗ್ಗೆ ಮಾತ್ರ ನನ್ನದು. ಮಿಕ್ಕಿದ್ದೆಲ್ಲ ನನ್ನ ಅತ್ತೆ ಓಪಲ್ ಅವರದ್ದು. ಒಂಬತ್ತು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಅವರ ಮಗ ರಾಯ್ಸ್, ಅಂದರೆ ನನ್ನ ಗಂಡ, ಲಾರಿ ಹತ್ತಿ ದೇಶ ಸುತ್ತುತ್ತಾನೆ. ಮಗಳು ಕೊರೀನ್ ಇರುವುದು ಹತ್ತು ನಿಮಿಷದ ದಾರಿಯಲ್ಲಿ. ಕ್ರಿಸ್‌ಮಸ್‌ಗೆ ಬರುತ್ತಾಳೆ, ಅಮ್ಮನ ಕೈ ಹಿಡಿದು ಅಳುತ್ತಾಳೆ, ನಾನು ಮಾಡಿದ ಪೈ ತಿಂದು ಹೋಗುತ್ತಾಳೆ. ಮಗ್ಗುಲು ಬದಲಿಸುವುದು, ಒರೆಸುವುದು, ಉಣಿಸುವುದು ನನ್ನ ಪಾಲಿಗೆ. ಹೊರಗಿನಿಂದ ಬಂದವಳು ನಾನು ತಾನೆ!

ಭಾನುವಾರ ಪಕ್ಕದ ಮನೆಯ ಬರ್ನೀಸ್ ಬಂದು ಅತ್ತೆಯ ಬಳಿ ಕೂರುತ್ತಾಳೆ. ನಾನು ನಮ್ಮಪ್ಪ ಬಿಟ್ಟುಹೋದ ರಿವಾಲ್ವರ್ ಎತ್ತಿಕೊಂಡು, ಗುಡ್ಡದಾಚೆಯ ಹಳೇ ಕಲ್ಲುಕ್ವಾರಿಗೆ ಕಾರು ಓಡಿಸುತ್ತೇನೆ. ನಮ್ಮ ಕ್ಲಬ್ಬಿನವರು ಗುರಿಯಿಡುವುದು ಅಲ್ಲೇ. ಇದು ಡಬ್ಬಿಯಿಂದ ತೋಟಾ ತೆಗೆದು ತುರುಕುವ ಪಿಸ್ತೂಲಲ್ಲ. ತಿರುಗುವ ಉರುಳೆಯ ಒಂದೊಂದು ಗೂಡಿಗೂ ಕರಿಮದ್ದು ಅಳೆದು ಸುರಿಯಬೇಕು, ಸೀಸದ ಗುಂಡು ಇಟ್ಟು ನಳಿಗೆಯಡಿಯ ಸನ್ನೆಕೋಲಿನಿಂದ ಒತ್ತಬೇಕು, ಮೇಲೆ ಕೊಬ್ಬು ಬಳಿಯಬೇಕು, ಕೊನೆಗೆ ಹಿಂದುಗಡೆ ಮದ್ದಿಗೆ ಕಿಡಿ ಕೊಡುವ ತಾಮ್ರದ ಕೇಪು ಕೂರಿಸಬೇಕು. ಅವಸರ ಮಾಡಿದರೆ ಕೆಟ್ಟೆ. ನನ್ನ ಬದುಕಿನಲ್ಲಿ ಅವಸರ ಮಾಡಬಾರದ ಕೆಲಸ ಇದೊಂದೇ. ಪಿಸ್ತೂಲಿನ ಕುದುರೆ ಹಿಂದಕ್ಕೆಳೆದು ಟ್ರಿಗರ್ ಒತ್ತಿದರೆ ಧಡ್ ಎಂದು ಎದೆಯವರೆಗೂ ಬರುತ್ತದೆ, ಬಿಳಿ ಹೊಗೆ ಮುಖ ಮುಚ್ಚುತ್ತದೆ. ಗುರಿ ತಾಗಿತೋ ಇಲ್ಲವೋ ತಿಳಿಯಲು ಗಾಳಿ ಬೀಸುವ ತನಕ ಕಾಯಬೇಕು. ಕೊಳೆತ ಮೊಟ್ಟೆಯ ವಾಸನೆ, ಕೈಯೆಲ್ಲ ಮಸಿ. ನನಗೆ ಇದಕ್ಕಿಂತ ದೊಡ್ಡ ಸುಖ ಗೊತ್ತಿಲ್ಲ, ಯಾರು ಬೇಕಾದರೂ ನಗಲಿ.

ಈ ಸಲ ಮದ್ದು ಸುರಿಯುವಾಗಲೇ ಫೋನ್ ಬಂತು. ಬರ್ನೀಸ್.

"ನಡೀನ್, ನಿಮ್ಮತ್ತೆ ಗ್ರೇವಿ ಮುಟ್ತಿಲ್ಲ ಕಣೆ. ಉಪ್ಪಿಲ್ವಂತೆ. ನೀನು ಬೇಕೂಂತ್ಲೇ ಮರೀತೀಯಂತೆ."

"ಮೇಜಿನ ಮೇಲಿದೆ ಉಪ್ಪು, ಹಾಕ್ಕೊಡು."

"ಹಾಕಿದ್ರೆ ಡಾಕ್ಟರ್ ಬೈತಾರಲ್ಲ? ನೋಡು, ನಂಗೆ ಚರ್ಚಲ್ಲಿ ಊಟ ಇದೆ, ಹನ್ನೆರಡಕ್ಕೆ ಹೊರಟೇ ಹೊರಡ್ತೀನಿ. ತಡ ಮಾಡ್ಬೇಡ."

ಬಾಯಿ ಅವಳ ಜೊತೆ, ಕೈ ಪಿಸ್ತೂಲಿನ ಜೊತೆ. ಆರು ಗೂಡಿನಲ್ಲಿ ಐದು ತುಂಬುವುದು ನಮ್ಮ ಪದ್ಧತಿ, ತುಂಬಿದೆ. ಗುರಿಹಲಗೆಗಳ ಹಿಂದಿನ ದಿಬ್ಬದ ಕಡೆ ಚಾಚಿ ಒತ್ತಿದೆ. ಟಪ್ ಎಂದಿತು, ಅಷ್ಟೆ. ಹೊಗೆಯೂ ಇಲ್ಲ, ಏನೂ ಇಲ್ಲ. ಮತ್ತೆ ಎಳೆಯಲು ಹೋದರೆ ಕುದುರೆ ಜಗ್ಗಲಿಲ್ಲ.

"ಅಲ್ಲಾಡ್ಬೇಡ! ಮೂತಿ ದಿಬ್ಬದ ಕಡೆಗೇ ಇರ್ಲಿ!" ಎಂದು ಕೂಗುತ್ತ ಎಲ್ವುಡ್ ಬಂದರು. ಗುಂಡು ಹೊಡೆಯುವವರು ನಿಲ್ಲುವ ಸಾಲಿನ ಉಸ್ತುವಾರಿ ಅವರದ್ದು. ನಮ್ಮಪ್ಪನ ಗೆಳೆಯ, ಬಾಯಿ ಸ್ವಲ್ಪ ಜೋರು. ಒಂದು ನಿಮಿಷ ಕಾದು, ಬಗ್ಗಿ ನೋಡಿದರು. "ಮದ್ದು ಹಾಕಿದ್ಯಾ ಅಮ್ಮಣ್ಣಿ?"

"ಹಾಕ್ದೆ." ಆಮೇಲೆ ಅಂದೆ, "ಹಾಕ್ದೆ ಅನ್ಸುತ್ತೆ."

"ಹಾಗಂದ್ರೆ ಹಾಕಿಲ್ಲ."

ಒಂದು ಗೂಡಿಗೆ ಮದ್ದೇ ಇಲ್ಲದೆ ಗುಂಡು ಒತ್ತಿಬಿಟ್ಟಿದ್ದೆ. ಬರೀ ಕೇಪಿನ ಕಸುವಿಗೆ ಗುಂಡು ಅರ್ಧ ದಾರಿ ಹೋಗಿ ನಿಂತಿತ್ತು: ಅರ್ಧ ಗೂಡಿನಲ್ಲಿ, ಅರ್ಧ ನಳಿಗೆಯಲ್ಲಿ. ಉರುಳೆ ತಿರುಗದು, ಬಿಚ್ಚಲೂ ಬಾರದು. ಮಿಕ್ಕ ನಾಲ್ಕು ಗೂಡುಗಳಲ್ಲಿ ಮದ್ದು ಗುಂಡು ಭದ್ರವಾಗಿ ಕೂತಿದ್ದವು.

"ಗಂಡ ರೋಡಲ್ಲಿ, ಗುಂಡು ನಳಿಗೇಲಿ. ಎರಡೂ ನಿನ್ ಕೈಗೆ ಸಿಗಲ್ಲ ನೋಡು" ಎಂದು ಎಲ್ವುಡ್ ನಕ್ಕರು. ನನಗೆ ನಗು ಬರಲಿಲ್ಲ.

"ನಾನು ಹೋಗ್ಬೇಕು. ಇದನ್ನ ನೀವೇ ಇಟ್ಕೊಳಿ."

"ಕ್ಲಬ್ಬಿನ ನಿಯಮ ಗೊತ್ತಿಲ್ವಾ? ತುಂಬಿದವ್ರೇ ಖಾಲಿ ಮಾಡ್ಬೇಕು. ಖಾಲಿ ಆಗೋ ತನಕ ಪಿಸ್ತೂಲೂ ಸಾಲು ಬಿಡಂಗಿಲ್ಲ, ತುಂಬಿದವ್ರೂ ಬಿಡಂಗಿಲ್ಲ. ನಿಮ್ಮಪ್ಪ ಮಾಡಿಟ್ಟ ನಿಯಮಾನೇ."

ಇಕ್ಕಳದಿಂದ ಮಿಕ್ಕ ಕೇಪುಗಳನ್ನು ತೆಗೆದೆವು. ನಳಿಗೆಗೆ ಎಣ್ಣೆ ಬಿಟ್ಟು, ಮೂತಿಯಿಂದ ಕೋಲು ತೂರಿಸಿ, ಮರದ ಸುತ್ತಿಗೆಯಿಂದ ಬಡಿದೆವು. ಗುಂಡು ಜಪ್ಪಯ್ಯ ಎನ್ನಲಿಲ್ಲ. ಗಡಿಯಾರ ಹನ್ನೊಂದೂವರೆ ದಾಟಿತು. ಮನೆಗೆ ಅರ್ಧ ಗಂಟೆ ದಾರಿ. ಅಲ್ಲಿಗೆ ಹೋದರೆ ಅತ್ತೆಯ ಕೋಣೆ, ಇಲ್ಲಿದ್ದರೆ ಈ ಬೆಂಚು. ಅತ್ತ ದರಿ, ಇತ್ತ ಪುಲಿ. ಬೇರೆ ದಾರಿ ಕಾಣದೆ ಕೊರೀನ್‌ಗೆ ಫೋನ್ ಮಾಡಿ, ಗುಂಡು ಸಿಕ್ಕಿಕೊಂಡದ್ದು ಹೇಳಿ, ಅತ್ತೆಯ ಬಳಿ ಹೋಗು ಎಂದೆ.

"ನಾನಾ? ನಂಗೆ ಅಮ್ಮನ್ನ ಎತ್ತಕ್ಕೆ ಬರಲ್ಲ ನಡೀನ್. ನನ್ ಬೆನ್ನು ನಿಂಗೊತ್ತಲ್ಲ."

"ನಂಗೂ ಒಂದ್ ಬೆನ್ನಿದೆ."

"ಆ ಪಿಸ್ತೂಲು ಅಲ್ಲೇ ಬಿಸಾಕಿ ಬಾರೆ!"

"ಬಿಟ್ಟು ಬರಂಗಿಲ್ಲ, ನಿಯಮ. ಬರ್ನೀಸ್ ಹನ್ನೆರಡಕ್ಕೆ ಹೋಗ್ತಾಳೆ. ನೀನು ಬರ್ಲಿಲ್ಲಾಂದ್ರೆ ನಿಮ್ಮಮ್ಮ ಒಬ್ರೇ."

ಗೊಣಗಿಕೊಂಡು ಫೋನ್ ಇಟ್ಟಳು. ಒಂಬತ್ತು ವರ್ಷದಲ್ಲಿ ಆ ಮನೆಯವರಿಗೆ ನಾನು 'ಆಗುವುದಿಲ್ಲ' ಎಂದದ್ದು ಇದೇ ಮೊದಲು. ಅದೂ ನಾನಾಗಿ ಅಂದದ್ದಲ್ಲ, ಒಂದು ತುಂಡು ಸೀಸ ಅನ್ನಿಸಿದ್ದು.

ಇನ್ನೊಂದಿಷ್ಟು ಬಡಿದ ಮೇಲೆ ಗುಂಡು ಹಿಂದಕ್ಕೆ ಸರಿದು ಗೂಡಿನೊಳಗೆ ಬಿತ್ತು. ಎಲ್ವುಡ್ ಅದನ್ನು ಸನ್ನೆಕೋಲಿನಿಂದ ತಳಕ್ಕೆ ಒತ್ತಿದರು; ಮದ್ದಿಲ್ಲದ ಅದು ಅಲ್ಲೇ ಇದ್ದರೂ ಅಪಾಯವಿಲ್ಲ. ಉರುಳೆ ಸರಾಗವಾಗಿ ತಿರುಗಿತು. "ಮಿಕ್ಕ ನಾಲ್ಕು ಈಡು ಬೇಗ ಹೊಡ್ದು ಹೊರಡು" ಎಂದರು.

ಅಷ್ಟರಲ್ಲಿ ಮತ್ತೆ ಫೋನ್. ಕೊರೀನ್ ನಮ್ಮ ಮನೆ ತಲುಪಿದ್ದಳು.

"ಬಂದಿದೀನಿ. ಬಿಡಿಸಿದ್ರಾ ಅದನ್ನ?"

ಅವಳ ಹಿಂದಿನಿಂದ ಅತ್ತೆಯ ದನಿ ಕೇಳಿತು. "ಯಾರದು? ಕೊರೀನಾ? ನನ್ ಬಂಗಾರ ಬಂದ್ಳಾ?"

ಅಷ್ಟು ಹಿಗ್ಗಿನ ದನಿ ಅವರ ಗಂಟಲಲ್ಲಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒರೆಸಿದವಳು ನಾನು. ನನಗೆ ಸಿಕ್ಕಿದ್ದು ಉಪ್ಪಿಲ್ಲದ ಗ್ರೇವಿಯ ಮಾತು. ಹೊಟ್ಟೆ ಉರಿಯಿತು. ಅಳುವೂ ಬಂತು.

"ಇಲ್ಲ ಕೊರೀನ್, ಇನ್ನೂ ಸಿಕ್ಕೊಂಡೇ ಇದೆ" ಎಂದೆ.

"ಎಷ್ಟೊತ್ತಾಗುತ್ತೆ?"

"ಹೇಳಕ್ಕಾಗಲ್ಲ. ಮಗ್ಗುಲು ಬದಲಿಸ್ಬೇಕು, ದಿಂಬು ಬೆನ್ನಿಗಿಡು. ಹುಷಾರು, ಎಡಗಡೆ ಸೊಂಟ ನೋವಿದೆ ಅವ್ರಿಗೆ."

ಫೋನ್ ಇಟ್ಟೆ. ಎಲ್ವುಡ್ ನನ್ನ ಮುಖ ನೋಡಿದರು. ಕೇಪಿನ ಡಬ್ಬಿ ನನ್ನ ಕಡೆ ದೂಡಿ, ಬೇರೆಯವರ ಗುರಿಹಲಗೆ ನೋಡಲು ಹೋದರು.

ನಾಲ್ಕಕ್ಕೂ ಕೇಪು ಕೂರಿಸಿದೆ. ನಿಧಾನವಾಗಿ ಹೊಡೆದೆ. ಪ್ರತಿ ಸಲವೂ ಹೊಗೆ ಪೂರ್ತಿ ಕರಗುವ ತನಕ ನಿಂತೆ. ಮೂರು ಈಡು ಮುಗಿದವು. ನಾಲ್ಕನೆಯದಕ್ಕೆ ಕುದುರೆ ಎಳೆಯಲಿಲ್ಲ. ಪಿಸ್ತೂಲನ್ನು ದಿಬ್ಬದ ಕಡೆ ಮೂತಿ ಮಾಡಿ ಬೆಂಚಿನ ಮೇಲಿಟ್ಟು, ಪಕ್ಕದಲ್ಲಿ ಕೂತೆ. ಆ ಒಂದು ಗೂಡು ತುಂಬಿರುವ ತನಕ ನನ್ನನ್ನು ಯಾರೂ ಎಬ್ಬಿಸುವಂತಿಲ್ಲ.