ಗಣಕರ ಮನೆಗೆ ಗಣಕ ಬಂದದ್ದು

ಬೈಲಹೊಂಗಲದ ಆ ಕಂಪ್ಯೂಟರ್ ಅಂಗಡಿಯಲ್ಲಿ ನಾನು ಆಸನವೆಂದು ಭಾವಿಸಿ ಕೂತದ್ದು ಆಸನವಾಗಿರಲಿಲ್ಲ. ಅದು ಮೇಲೊಂದು ಗೋಣಿತಟ್ಟು ಹೊದ್ದ ರಟ್ಟಿನ ಡಬ್ಬಿ. ನನ್ನ ಮಧ್ಯವಯಸ್ಸಿನ ಸಮಸ್ತ ಗಾಂಭೀರ್ಯವನ್ನೂ ಅದು ಒಂದು ಕ್ಷಣ ಭಕ್ತಿಯಿಂದ ಹೊತ್ತುಕೊಂಡಿತು. ಮರುಕ್ಷಣ ದೀರ್ಘವಾದ ನಿಟ್ಟುಸಿರೊಂದನ್ನು ಬಿಟ್ಟು ಒಳಗೊಳಗೇ ಕುಸಿಯಿತು. ಮೊಣಕಾಲು ಗದ್ದಕ್ಕೆ ತಾಗುವಂತೆ, ತೊಟ್ಟಿಲಲ್ಲಿ ಹಿಡಿಸದ ಕೂಸಿನಂತೆ, ನಾನು ಅದರೊಳಗೆ ಸಿಕ್ಕಿಬಿದ್ದೆ.

"ಖಾಲಿ ಡಬ್ಬಿ ಐತ್ರಿ ಸರ, ಏನೂ ಒಡದಿಲ್ಲ, ಏಳ್ರಿ," ಎಂದು ಅಂಗಡಿಯ ಮಾಲಕ ವಾಸೀಮ್ ಕೈ ನೀಡಿದ. ಏನು ಒಡೆದಿದೆ ಎಂಬುದು ನನಗೆ ಗೊತ್ತಿತ್ತು. ಏಕೆಂದರೆ ನಾನು ಅಲ್ಲಿಗೆ ಹೋದದ್ದು ಗಿರಾಕಿಯಾಗಿ ಅಲ್ಲ, ತಜ್ಞನಾಗಿ.

ಗಿರಾಕಿ ಬಾಳಕಾಕಾ. ಅವರು ನನ್ನ ಪತನವನ್ನು ನೋಡಲೇ ಇಲ್ಲ. ನಾನು ಎದ್ದು ಪ್ಯಾಂಟು ಝಾಡಿಸಿಕೊಂಡು ತಿರುಗಿದಾಗ ಅವರು ಗೋಡೆಯತ್ತ ಮುಖ ಮಾಡಿ, ಕನ್ನಡಕವನ್ನು ಹಣೆಗೇರಿಸಿ, ಅಲ್ಲಿ ತೂಗುಹಾಕಿದ್ದ ಕ್ಯಾಲೆಂಡರನ್ನು ಬಹು ತನ್ಮಯತೆಯಿಂದ ಓದುತ್ತಿದ್ದರು. ಅದು ಹೋದ ವರ್ಷದ ಕ್ಯಾಲೆಂಡರಾಗಿತ್ತು.

ಇದು ಅವರ ಹುಟ್ಟುಗುಣ. ಎದುರಿನ ಮನುಷ್ಯ ನಾಚಿಕೆಗೀಡಾದ ಕ್ಷಣದಲ್ಲಿ ಬಾಳಕಾಕಾನ ಕತ್ತು ತಾನಾಗಿಯೇ ತಿರುಗುತ್ತದೆ, ಕಣ್ಣುಗಳು ಸಮೀಪದ ಯಾವುದಾದರೂ ಅಕ್ಷರವನ್ನು ಹುಡುಕಿಕೊಳ್ಳುತ್ತವೆ. ಸವದತ್ತಿಯ ಮದುವೆಯೊಂದರಲ್ಲಿ ವರನ ತಂದೆಯ ಧೋತರ ಸಡಿಲಾದಾಗ ಅವರು ಅಕ್ಕಿಚೀಲದ ಮೇಲಿನ ಮುದ್ರೆಯನ್ನು ಓದಿದ್ದರು. ಬಸ್ಸಿನಲ್ಲಿ ಟಿಕೀಟಿಲ್ಲದೆ ಸಿಕ್ಕಿಬಿದ್ದ ಗೌರವಸ್ಥನೊಬ್ಬನನ್ನು ಕಂಡಕ್ಟರು ಹಿಗ್ಗಾಮುಗ್ಗಾ ಬೈಯುತ್ತಿದ್ದಾಗ 'ಧೂಮಪಾನ ನಿಷೇಧಿಸಿದೆ' ಎಂಬ ಫಲಕವನ್ನು ಭಾಷ್ಯವಿದ್ದ ಶ್ಲೋಕದ ಹಾಗೆ ಮತ್ತೆ ಮತ್ತೆ ಮನನ ಮಾಡಿದ್ದರು. ಪರರ ಅವಮಾನವೂ ಪರಧನವೇ, ಅದರ ಮೇಲೆ ಕಣ್ಣಿಡಬಾರದು ಎಂಬ ಹಾಗೆ.

ಮುನವಳ್ಳಿಯ ಬಾಳಕೃಷ್ಣ ಜೋಶಿ ನನ್ನ ತಂದೆಯ ಚಿಕ್ಕಪ್ಪನ ಮಗ. ಎಪ್ಪತ್ತೈದು ದಾಟಿದ ಶರೀರ. ಅದರ ಮೇಲೆ ಬೂದಿಬಣ್ಣದ ಕೋಟು. ಆ ಕೋಟಿನ ಬಲಕಿಸೆಯಲ್ಲಿ ಸದಾ ಪಂಚಾಂಗವಿರುವುದರಿಂದ ಕೋಟು ಬಲಕ್ಕೆ ಜಗ್ಗಿ, ಕೋಟಿನ ಜೊತೆ ಹೆಗಲೂ ಜಗ್ಗಿ, ದೂರದಿಂದ ನೋಡಿದವರಿಗೆ ಅವರು ಯಾರದೋ ಗುಟ್ಟಿನ ಮಾತಿಗೆ ಕಿವಿಗೊಡುತ್ತ ನಡೆದಂತೆ ಕಾಣುತ್ತದೆ. ಹೊಸ್ತಿಲು ಯಾವುದೇ ಇರಲಿ, ಬಲಗಾಲಿಟ್ಟೇ ದಾಟಬೇಕು. ಎಡಗಾಲು ಮುಂದಾಗಿ ಬಂದಿದ್ದರೆ ಅಲ್ಲೇ ನಿಂತು ಹೆಜ್ಜೆಯನ್ನು ತಿದ್ದಿಕೊಳ್ಳುತ್ತಾರೆ. ಬಸ್ಸಿನ ಬಾಗಿಲೂ ಅವರ ಪಾಲಿಗೆ ಹೊಸ್ತಿಲೇ ಆದ್ದರಿಂದ, "ಅಜ್ಜಾರ, ಯಾವ ಕಾಲರ ಇಡ್ರಿ, ಮದಲ ಒಳಗ ಬರ್ರಿ!" ಎಂದು ಕಂಡಕ್ಟರುಗಳು ಕೂಗದ ದಿನವಿಲ್ಲ. ಇನ್ನು ಮಾತು. ಜಾತಕ ನೋಡುವ ಕಸುಬು ಅವರ ನಾಲಗೆಗೆ ವಿಚಿತ್ರವಾದ ಒಂದು ಜಾಗರೂಕತೆಯನ್ನು ಕಲಿಸಿಬಿಟ್ಟಿದೆ. ಯಾವ ವಾಕ್ಯವನ್ನೂ ಅವರು ಪೂರ್ತಿ ಗಟ್ಟಿಮಾಡಿ ಹೇಳುವುದಿಲ್ಲ. "ಊಟ ಆತು ಅಂತ ಇಟ್ಕೋ" ಎನ್ನುತ್ತಾರೆ. "ಮಳಿ ಬರ್ಲಿಕ್ಹತ್ತದ ಅಂತ ಇಟ್ಕೋ" ಎನ್ನುತ್ತಾರೆ, ತಲೆಯಿಂದ ನೀರಿಳಿಯುತ್ತಿರುವಾಗಲೂ.

ಇಂಥವರಿಗೆ ಕಂಪ್ಯೂಟರಿನ ಗರಜು ಬಿದ್ದದ್ದು ಹೀಗೆ. ಮುನವಳ್ಳಿಯ ಪೇಟೆಯಲ್ಲಿ ಮೊಬೈಲ್ ಅಂಗಡಿಯವನೊಬ್ಬ, ಹುಟ್ಟಿದ ವೇಳೆ ಹೇಳಿದರೆ ಸಾಕು, ಚಹಾ ಆರುವಷ್ಟರಲ್ಲಿ ಬಣ್ಣಬಣ್ಣದ ಕುಂಡಲಿಯನ್ನು ಅಚ್ಚುಹಾಕಿ ಕೊಡತೊಡಗಿದ್ದ. ಬಾಳಕಾಕಾನ ಕೈಬರಹದ ಕುಂಡಲಿಗೆ ವಾರ ಹಿಡಿಯುತ್ತಿತ್ತು. ಕೈ ನಡುಗುವುದರಿಂದ ಕುಜನೂ ಗುರುವೂ ಒಂದೇ ಮನೆಯಲ್ಲಿ ಕಾಲು ಚಾಚಿಕೊಂಡಂತೆ ಕಾಣುತ್ತಿತ್ತು. ನಾಲ್ಕು ತಲೆಮಾರಿನ ಜೋಶಿಕೆ ತಮ್ಮ ಕಣ್ಣೆದುರೇ ಮುಗಿಯುವುದು ಅವರಿಗೆ ಬೇಡಾಗಿತ್ತು. ಒಂದು ಸಂಜೆ ನಮ್ಮ ಮನೆಗೆ ಬಂದು ಕೇಳಿದರು: "ಅಭೀ, ಈ ಕಂಪ್ಯೂಟರಿಗೆ ಕನ್ನಡದಾಗ ಏನಂತಾರ?"

"ಗಣಕಯಂತ್ರ ಅಂತಾರ, ಕಾಕಾ."

ಅವರ ಮುಖದಲ್ಲಿ ಬೆಳಕು ಮೂಡಿತು. "ಗಣಕ ಅಂದ್ರ ಜೋಶಿ. ಹಳೇ ಪುಸ್ತಕದಾಗೆಲ್ಲಾ ನಮಗ ಅದ ಹೆಸರು. ಅಂದಮ್ಯಾಲ ನಮ್ಮ ಮನಿತನದ್ದ ಅದ ಅಂತ ಇಟ್ಕೋ. ಒಂದು ತರೂಣು ನಡಿ."

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ವಾರಕ್ಕೊಮ್ಮೆ ಪತ್ರಿಕೆಗೆ ನಗೆಬರಹ ಬರೆಯುತ್ತೇನೆ. ಅದನ್ನು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತೇನೆ ಎಂಬ ಏಕಮಾತ್ರ ಪುಣ್ಯದಿಂದ ನಮ್ಮ ಬಳಗದಲ್ಲಿ ನನಗೆ ಕಂಪ್ಯೂಟರ್ ಪಂಡಿತನೆಂಬ ಖ್ಯಾತಿ ಬಂದಿದೆ. ಆ ಖ್ಯಾತಿಯನ್ನು ನಾನೆಂದೂ ಅಲ್ಲಗಳೆದವನಲ್ಲ. ಹೀಗೆ ಡಬ್ಬಿಯೊಳಗೆ ಬಿದ್ದು ಎದ್ದ ಮೇಲೂ ತಜ್ಞನ ಗತ್ತಿನಲ್ಲೇ ಕಟ್ಟೆಗೊರಗಿ ನಿಂತೆ.

ವಾಸೀಮ್ ಬಿಡಿಭಾಗಗಳನ್ನು ಒಂದೊಂದಾಗಿ ಮುಂದಿಟ್ಟ. ಇದು ಪ್ರೊಸೆಸರ್, ಲೆಕ್ಕ ಮಾಡುವಂಥದು. ಇದು ಮದರ್‌ಬೋರ್ಡ್, ಎಲ್ಲವನ್ನೂ ತನ್ನ ಮೇಲೆ ಕೂಡಿಸಿಕೊಳ್ಳುವಂಥದು. ಬಾಳಕಾಕಾ ಎರಡನ್ನೂ ವಧುಪರೀಕ್ಷೆಯ ಹಿರಿಯನಂತೆ ನಿಧಾನವಾಗಿ ನೋಡಿದರು.

"ಇವೆರಡೂ ಒಂದ ಕಂಪನೀವೇನಪಾ?"

"ಇಲ್ರಿ ಕಾಕಾ, ಕಂಪನಿ ಬ್ಯಾರೆ ಬ್ಯಾರೆ. ಆದ್ರ ಕೂಡತಾವ್ರಿ. ಇದರ ಕಾಲು ಅದರ ತೂತಿನಾಗ ಬರೋಬ್ಬರಿ ಕೂಡಬೇಕು, ಅಷ್ಟ."

"ಹಾಂ! ಗೋತ್ರ ಬ್ಯಾರೆ, ಗುಣ ಕೂಡ್ತಾವ. ಅಡ್ಡಿಯಿಲ್ಲ, ಮುಂದುವರೀ." ಆಮೇಲೆ ಬೋರ್ಡಿನತ್ತ ಬೆರಳು ಮಾಡಿ, "ಇದು ಹೆಣ್ಣಿನ ಕಡೆಯವರು ಅಂತ ಇಟ್ಕೊಂಡೆ," ಎಂದರು. ಪಕ್ಕದಲ್ಲಿದ್ದ ಗಿರಾಕಿಗಳು ನಕ್ಕರು. ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಆಪರೇಟಿಂಗ್ ಸಿಸ್ಟಮ್ಮಿನ ಸರದಿ ಬಂತು. ಯಂತ್ರಕ್ಕೆ ಇದೇ ಪ್ರಾಣ ಎಂದು ನಾನು ವಿವರಿಸಿದೆ. ವಿಂಡೋಸ್ ಹತ್ತು ಸಾಕಲ್ಲವೇ ಎಂದು ಕೇಳಿಯೂ ಬಿಟ್ಟೆ.

"ಹತ್ತನೇದು ಮುಗೀತಲ್ರಿ ಸರ, ಹೋದ ಅಕ್ಟೋಬರಿನಾಗ. ಇನ್ನ ಅದನ್ನ ಯಾರೂ ನೋಡಂಗಿಲ್ಲ. ಕಂಪನಿಯವ್ರು ತಾರೀಖ ಮದಲ ಹೇಳಿದ್ರಲ್ರಿ."

ಬಾಳಕಾಕಾ ಬೆಚ್ಚಿದರು. "ಹುಟ್ಟಿಸಿದವರೇ ಸಾಯೂ ತಾರೀಖೂ ಹೇಳ್ಯಾರ? ಎಲ್ಲಾರ ಮುಂದ?" ಆಯುಷ್ಯ ಎಷ್ಟೆಂದು ಎಷ್ಟೋ ಜನ ಅವರ ಕಾಲು ಹಿಡಿದು ಕೇಳಿದ್ದಾರೆ, ಕಂಡಿದ್ದರೂ ಅವರು ಹೇಳಿದವರಲ್ಲ. ಜೋಶಿಯಾದವನು ಹೇಳಕೂಡದ ಮಾತು ಅದೊಂದೇ. "ಹನ್ನೊಂದನೇದಕ್ಕೂ ಹಂಗ ಹೇಳ್ತಾರೇನು?"

"ಹೇಳೇ ಹೇಳ್ತಾರ್ರಿ. ಬ್ಯಾಡಂದ್ರ ಲಿನಕ್ಸ್ ಹಾಕಿ ಕೊಡ್ತೇನ್ರಿ. ಅದಕ್ಕ ರೊಕ್ಕಿಲ್ಲ, ಅದಕ್ಕ ಇಂಥವನ ಮಾಲಕ ಅಂತಿಲ್ಲ. ದೇಶದೇಶದ ಮಂದಿ ಕೂಡಿ ಮಾಡ್ಯಾರ."

"ಅಪೌರುಷೇಯ!" ಎಂದು ಬಾಳಕಾಕಾ ಕೈಮುಗಿದರು. ಆದರೆ ಕುಂಡಲಿ ಹಾಕುವ ತಂತ್ರಾಂಶ ಆ ಅಪೌರುಷೇಯದ ಮೇಲೆ ನಡೆಯುವುದಿಲ್ಲವೆಂದು ಗೊತ್ತಾಗಿ, ಮರ್ತ್ಯವಾದ ಹನ್ನೊಂದನ್ನೇ ಒಪ್ಪಿಕೊಂಡರು. "ಅದರ ತಾರೀಖು ಮಾತ್ರ ನನ್ನ ಮುಂದ ಹೇಳಬ್ಯಾಡ" ಎಂಬ ಕರಾರಿನ ಮೇಲೆ.

ಇನ್ನು ನನ್ನ ಪಾಂಡಿತ್ಯದ ಪ್ರಸಂಗ. ಒಂದೇ ತರಹದ ಎರಡು ಪ್ರೊಸೆಸರುಗಳಿದ್ದವು. ಒಂದರ ಹೆಸರಿನ ಕೊನೆಗೆ ಇಂಗ್ಲಿಷಿನ ಎಫ್ ಅಕ್ಷರವಿತ್ತು, ಬೆಲೆಯೂ ತುಸು ಸೋವಿ.

"ಎಫ್ ಅಂದ್ರೇನೋ, ಅಭೀ?"

"ಫಾಸ್ಟ್, ಕಾಕಾ," ಎಂದೆ, ಒಂದಿಷ್ಟೂ ತಡವರಿಸದೆ.

ವಾಸೀಮ್ ಮುಖ ಎತ್ತಿದ. "ಸರ, ಅದನ್ನ ತಗೊಂಡ್ರ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಹಚ್ಚಬೇಕಾಗ್ತದ್ರಿ, ಇಲ್ಲಂದ್ರ..."

ಗ್ರಾಫಿಕ್ಸ್ ಎಂದರೆ ಹುಡುಗರು ಬಂದೂಕು ಹಿಡಿದು ಆಡುವ ಆಟ ಎಂದಷ್ಟೇ ನನ್ನ ತಿಳಿವಳಿಕೆ. ಕುಂಡಲಿ ಬರೆಯುವ ವೃದ್ಧರಿಗೆ ಅದೇಕೆ? ಆದರೆ ಹಾಗೆ ಕೇಳಿದರೆ ನನ್ನ ಅಜ್ಞಾನ ಬಯಲಾದೀತೆಂದು, "ಗೊತ್ತದ, ಗೊತ್ತದ. ಹಳೇದೊಂದು ನಮ್ಮ ಮನ್ಯಾಗ ಬಿದ್ದದ," ಎಂದುಬಿಟ್ಟೆ.

"ಹಂಗಾರ ಆತ್ರಿ. ನಮ್ಮ ಅಂಗಡಿ ಕಾರ್ಡ್ ಹಚ್ಚಿ ಎಲ್ಲಾ ತುಂಬಿಸಿ, ಮತ್ತ ತಗದು ಇಟ್ಟಿರತೇನಿ. ಮನ್ಯಾಗ ನಿಮ್ಮದ ಹಚ್ಚಕೋರಿ."

"ಆತು, ಆತು," ಎಂದೆ, ಅರ್ಥವಾದವರು ಹೇಳುವ ಧಾಟಿಯಲ್ಲಿ.

ಬಾಳಕಾಕಾ ಮುಹೂರ್ತ ತೆಗೆದರು. ಶುಕ್ರವಾರ ಮುಂಜಾನೆ, ಮುನವಳ್ಳಿಯ ಅವರ ಪಡಸಾಲೆ. ಓಣಿಗೆಲ್ಲ ಆಮಂತ್ರಣ ಹೋಗಿತ್ತು. ಮೊದಲ ಕುಂಡಲಿ ನೆರೆಮನೆಯ ಲಗಮವ್ವನ ಮೊಮ್ಮಗಳದು ಎಂದು ನಿಗದಿಯಾಗಿತ್ತು. ಆಕೆ ಕೂಸನ್ನೇ ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಕಾಳಿನ ವ್ಯಾಪಾರಿ ಶಟ್ಟೆಪ್ಪನೂ ಬಂದಿದ್ದ; ಮೊಬೈಲ್ ಅಂಗಡಿಯ ಕುಂಡಲಿಯನ್ನು ಮೊಟ್ಟಮೊದಲು ತಂದು ಓಣಿಗೆಲ್ಲ ತೋರಿಸಿದವನು ಅವನೇ. ಹೊಸ ಯಂತ್ರಕ್ಕೆ ಕುಂಕುಮ, ಮೇಲೊಂದು ಸೇವಂತಿಗೆ. ಒಳಗೆ ಬಾಳಕಾಕಾನ ಹೆಂಡತಿ ರಾಧಾಬಾಯಿಕಾಕು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು.

ವೇಳೆ ಬಂತು. ಬಾಳಕಾಕಾ ಇಷ್ಟದೇವತೆಯನ್ನು ನೆನೆದು ಗುಂಡಿಯೊತ್ತಿದರು. ಡಬ್ಬಿಯ ಒಡಲಲ್ಲಿ ಕೆಂಪು ನೀಲಿ ದೀಪಗಳು ಹೊತ್ತಿದವು, ಫ್ಯಾನು ಗುಂಯ್ಗುಟ್ಟಿತು, "ಆಹಾ!" ಎಂದಿತು ಸಭೆ. ಪರದೆ ಮಾತ್ರ ಕಪ್ಪಗೆ ಉಳಿದು, ಅದರ ಮೇಲೊಂದು ಸಣ್ಣ ಚೌಕ ಅತ್ತಿಂದಿತ್ತ ತೇಲಾಡತೊಡಗಿತು.

"ಏನ ಬರದೈತ್ರಿ ಅದರಾಗ?" ಎಂದಳು ಲಗಮವ್ವ.

"ನೋ ಸಿಗ್ನಲ್ ಅಂತೈತಿ," ಎಂದು ಶಟ್ಟೆಪ್ಪ ಓದಿ ಹೇಳಿದ. "ನಮ್ಮ ಓಣ್ಯಾಗ ನೆಟ್‌ವರ್ಕ ಎಲ್ಲಿ ಐತ್ರಿ? ಮಾಳಗಿ ಮ್ಯಾಲ ಒಯ್ರಿ, ಬರ್ತೈತಿ."

ಇಬ್ಬರು ಹೊರಲು ಎದ್ದೇಬಿಟ್ಟರು. ನಾನು ಅವರನ್ನು ತಡೆದು, ವಯರುಗಳನ್ನು ಕಿತ್ತು ಮತ್ತೆ ಚುಚ್ಚಿ, ಆರಿಸಿ ಹೊತ್ತಿಸಿ, ಕಡೆಗೆ ಬೆವರೊರೆಸುತ್ತ ಹಿತ್ತಲಿಗೆ ಹೋಗಿ ವಾಸೀಮನಿಗೆ ಫೋನು ಹಚ್ಚಿದೆ.

"ಕಾರ್ಡ್ ಹಚ್ಚೀರಿಲ್ರಿ, ಸರ?"

"ಯಾವ ಕಾರ್ಡು?"

"ನಿಮ್ಮ ಮನ್ಯಾಗ ಹಳೇದ ಐತಿ ಅಂದ್ರಲ್ರಿ! ಎಫ್ ಇದ್ದದ್ದು ತಾನಾಗೇ ಚಿತ್ರ ತೋರ್ಸಂಗಿಲ್ರಿ. ಕಾರ್ಡ್ ಇಲ್ದ ಅದು ಕುರುಡು."

"ನನಗ ಅದು ಗೊತ್ತಿದ್ದಿಲ್ಲೋ ಮಾರಾಯಾ, ಸುಮ್ನ ಅಂದೆ," ಎಂದೆ, ಪಿಸುದನಿಯಲ್ಲಿ. ಮೂವತ್ತು ವರ್ಷ ತರಗತಿಯಲ್ಲಿ ಕೂಗಿದ ಕಂಠಕ್ಕೆ ಪಿಸುದನಿ ಮರೆತೇಹೋಗಿದೆ. ತಿರುಗಿದರೆ, ಹಿತ್ತಲ ಬಾಗಿಲಿಗೆ ಹತ್ತಿಕೊಂಡೇ ಕೂತಿದ್ದ ಬಾಳಕಾಕಾ ಬಾಗಿಲ ಮೇಲೆ ಬರೆದಿದ್ದ 'ಶುಭ-ಲಾಭ'ವನ್ನು ಓದುತ್ತಿದ್ದರು.

ಪಡಸಾಲೆಗೆ ಬಂದೆ. ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. "ಪ್ರೊಫೆಸರ್ ಸಾಹೇಬ್ರು ಆರಿಸಿ ತಂದಿದ್ದಲ್ರಿ ಇದು?" ಎಂದ ಶಟ್ಟೆಪ್ಪ, ಮೀಸೆಯೊಳಗೇ ನಗುತ್ತ. ನಾನು ಬಾಯಿ ತೆರೆದೆ. ಸತ್ಯ ಗಂಟಲಲ್ಲಿತ್ತು, ಅದರ ಬೆನ್ನಿಗೇ ಇನ್ನೊಂದು ಸುಳ್ಳೂ ಇತ್ತು. ಯಾವುದು ಮೊದಲು ಹೊರಬರುತ್ತಿತ್ತೋ ನನಗೆ ಇಂದಿಗೂ ತಿಳಿಯದು.

"ಅಭೀ, ನೀ ಕೂಡು," ಎಂದರು ಬಾಳಕಾಕಾ. ಆಮೇಲೆ ಸಭೆಗೆ: "ಅವನು ತಂದದ್ದು ಸರಿಯದ. ಮುಹೂರ್ತ ನಾ ತಪ್ಪು ತಗದೆ. ತಿಥಿ ಲೆಕ್ಕ ಹಿಡಿಯೂದರಾಗ ತಪ್ಪಿದೆ."

ಒಳಗೆ ರಾಧಾಬಾಯಿಕಾಕುನ ಕೈಯ ಸೌಟು ನಿಂತಿತು. ಯಾವ ವಿದ್ಯೆಯ ಮಾನ ಉಳಿಸಲೆಂದು ಆ ಯಂತ್ರ ಮನೆಗೆ ಬಂದಿತ್ತೋ ಆ ವಿದ್ಯೆಯನ್ನೇ ಅವರು, ಚಿಲ್ಲರೆಯನ್ನು ಎಣಿಸದೆ ಕೊಡುವವರ ಹಾಗೆ, ಓಣಿಯ ಮುಂದೆ ಇಟ್ಟುಬಿಟ್ಟಿದ್ದರು. "ಜೋಶ್ಯಾರ ಮುಹೂರ್ತ ತಪ್ಪೂದಂದ್ರ ಏನ್ರಿ!" ಎಂದು ಲಗಮವ್ವ ಕೂಸನ್ನು ಅವಚಿಕೊಂಡಳು. ಶಟ್ಟೆಪ್ಪ ಮೀಸೆ ತೀಡುತ್ತ ಅವಲಕ್ಕಿಯ ತಟ್ಟೆಗೆ ಕೈಚಾಚಿದ. ಮಂದಿ ಅವಲಕ್ಕಿ ತಿಂದು, ಎಲೆಯಡಿಕೆ ತೆಗೆದುಕೊಂಡು, ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ತಪ್ಪು ನನ್ನದೆಂದು ಅವರಲ್ಲಿ ಒಬ್ಬರಿಗಾದರೂ ಕೂಗಿ ಹೇಳಬಹುದಿತ್ತು. ನಾನು ಮಾಡಿದ್ದಿಷ್ಟೇ: ಎರಡನೇ ಸಲ ಅವಲಕ್ಕಿ ಹಾಕಿಸಿಕೊಂಡೆ.

ಬಾಳಕಾಕಾನಂಥವರ ಜೊತೆ ಬದುಕುವುದು ಸುಲಭವಲ್ಲ. ಬೈಯುವ ಹಿರಿಯರಿದ್ದಾರೆ, ಅವರ ಬೈಗುಳಕ್ಕೆ ಎದುರುತ್ತರ ಕೊಟ್ಟು ಹಗುರಾಗಬಹುದು. ಕ್ಷಮಿಸುವ ಹಿರಿಯರಿದ್ದಾರೆ, ಅವರ ಕಾಲುಮುಟ್ಟಿ ಕೈತೊಳೆದುಕೊಳ್ಳಬಹುದು. ಈ ಮೂರನೆಯ ಬಗೆಯವರು ನಮ್ಮ ತಪ್ಪನ್ನು ನೋಡುವುದೇ ಇಲ್ಲ, ಆದ್ದರಿಂದ ಕ್ಷಮಿಸುವುದೂ ಇಲ್ಲ. ದಾರಿಯಲ್ಲಿ ಬಿದ್ದ ತಮ್ಮದೇ ವಸ್ತುವೆಂಬಂತೆ ಅದನ್ನೆತ್ತಿ ಕಿಸೆಗೆ ಹಾಕಿಕೊಂಡು ಮುಂದೆ ನಡೆಯುತ್ತಾರೆ. ಹಿಂದೆ ಉಳಿದ ನಾವು ಬರಿಗೈಯಲ್ಲಿ ನಿಂತು ನಾಚಬೇಕು. ಆ ನಾಚಿಕೆಯನ್ನು ಒಪ್ಪಿಸಲು ಎದುರಿಗೆ ಯಾರೂ ಇರುವುದಿಲ್ಲ.

ಪಡಸಾಲೆ ಖಾಲಿಯಾದ ಮೇಲೆ ಧೈರ್ಯಮಾಡಿ ಕೇಳಿದೆ: "ಕಾಕಾ, ಹಂಗ್ಯಾಕ ಅಂದ್ರಿ? ಇನ್ನ ಮ್ಯಾಲ ಈ ಮಂದಿ ನಿಮ್ಮ ಮುಹೂರ್ತ ನಂಬತಾರೇನು?"

ಬಾಳಕಾಕಾ ಯಂತ್ರದ ಮೇಲಿನ ಸೇವಂತಿಗೆಯನ್ನು ತೆಗೆದು ಪಕ್ಕಕ್ಕಿಟ್ಟರು.

"ಇಲ್ಲಿ ಕೂತವರೊಳಗ ಮುಕ್ಕಾಲು ಮಂದಿ ಮದುವಿ ಮುಹೂರ್ತ ನಾನ ತಗದುಕೊಟ್ಟದ್ದು," ಎಂದರು. "ಅವರಿಗೆ ಇದೇನು ಹೊಸಾ ಸುದ್ದಿ ಅಲ್ಲ."