ಆರನೆಯ ಕೀ

ಬೀಗ ಪೂರ್ತಿ ಬದಲಿಸಿದರೆ ಬಾಗಿಲಿಗೆ ಹನ್ನೆರಡು ದಿನಾರ್. ಇದ್ದ ಬೀಗವನ್ನೇ ಬಿಚ್ಚಿ, ಹೊಟ್ಟೆಯೊಳಗಿನ ಪಿನ್ನು ಬದಲಿಸಿ, ಹೊಸ ಕೀ ಮಾಡಿಕೊಟ್ಟರೆ ಮೂರು. ಒಂಬತ್ತು ಬಾಗಿಲಿಗೆ ಇಪ್ಪತ್ತೇಳು. ಅಂಗಡಿಯಿದ್ದ ರಿಗ್ಗೈಯಿಂದ ಊರಾಚೆಯ ಮರಳುಗಾಡಿನ ಮುತ್ಲಾದವರೆಗಿನ ಪೆಟ್ರೋಲು, ಅರ್ಧ ದಿನ ಅಂಗಡಿ ಮುಚ್ಚಿದ ನಷ್ಟ ಎಲ್ಲ ಕಳೆದರೂ ಕೈಯಲ್ಲಿ ಹದಿನೈದಾದರೂ ಉಳಿಯುತ್ತಿತ್ತು. ಹಿತ್ತಾಳೆಯ ಒಂದು ಕೀಗೆ ಬೀಳುವ ಚಿಲ್ಲರೆ ಫಿಲ್ಸನ್ನು ಯಶೋಧರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅದರಿಂದಲೇ ಅವನಿಗೊಂದು ರೂಢಿ ಬಂದಿತ್ತು: ಐದು ಕೀ ಹೇಳಿದರೆ ಆರು ಮಾಡುವುದು. ಹೊಸ ಮನೆಯವರು ಮೊದಲ ತಿಂಗಳಲ್ಲೇ ಒಂದನ್ನು ಕಳೆದುಕೊಂಡು ಫೋನ್ ಮಾಡುತ್ತಾರೆ. ಅಷ್ಟು ದೂರ ಮತ್ತೆ ಬರುವುದಕ್ಕಿಂತ ಒಂದು ಕೀ ಧರ್ಮಕ್ಕೆ ಕೊಡುವುದು ಅಗ್ಗ.

ಮುಂಬಾಗಿಲ ಎದುರು ಮಂಡಿಯೂರಿ ಅವನು ಒಂಬತ್ತನೆಯ ಬೀಗವನ್ನು ಹೊರಗೆಳೆಯುತ್ತಿದ್ದಾಗ ತಲೆಯ ಮೇಲೆ ನೆರಳು ಬಿತ್ತು.

"ಅಣ್ಣ, ಚಾ. ಸಕ್ಕರೆ ಜಾಸ್ತಿಯಾದ್ರೆ ಬೈಬೇಡಿ. ಇನ್ನೊಬ್ಬರಿಗೆ ಚಾ ಮಾಡಿ ಅಭ್ಯಾಸವೇ ಹೋಗಿದೆ."

ಕಾವಲುಗಾರ ಧನರಾಜ ಎರಡು ಲೋಟ ಹಿಡಿದು ನಿಂತಿದ್ದ. ಬೆಳಿಗ್ಗೆ ಯಶೋಧರ ತುಳುವಿನಲ್ಲಿ "ಈರೆನ ಊರು ಓಲು?" ಎಂದು ಊರು ಕೇಳಿದ್ದೇ ತಡ, ಅವನ ಬಾಯಿ ನಿಂತಿರಲಿಲ್ಲ. ಬೆಳ್ಮಣ್ಣಿನ ಕಡೆಯವನು. ಎರಡು ವರ್ಷದಿಂದ ಈ ಮರಳಿನ ನಡುವೆ ಒಬ್ಬನೇ ಕಟ್ಟಡ ಕಾಯುತ್ತಿದ್ದ. ಬಂದು ಹೋಗುವ ಕೆಲಸದವರಲ್ಲಿ ಈಜಿಪ್ಟಿನವರಿದ್ದರು, ಬಂಗಾಳಿಗಳಿದ್ದರು, ಪಠಾಣರಿದ್ದರು. ಅವನ ಭಾಷೆಯವರೊಬ್ಬರೂ ಇರಲಿಲ್ಲ.

"ಇದು ಹೊರಗಿನ ಲೈಟು. ಇದು ಮೆಟ್ಟಿಲಿಂದು. ಈ ಸ್ವಿಚ್ಚು ಎಂತದಕ್ಕೂ ಇಲ್ಲ, ಸುಮ್ಮನೆ," ಎಂದು ಧನರಾಜ ಗೋಡೆ ತೋರಿಸಿದ. "ಯಜಮಾನ ಬಾಬಾನಿಗೇ ಗೊತ್ತಿಲ್ಲ, ನನಗೆ ಗೊತ್ತುಂಟು."

"ನೀನು ಈ ಮನೆಯ ಅಳಿಯ ಅಲ್ವಾ ಮಾರಾಯ!"

"ಅಳಿಯ ಎಂತ, ಬಾಣಂತನ ಮಾಡಿದವ ನಾನು. ಜುಲೈ ಬಿಸಿಲಲ್ಲಿ ಈ ಸ್ಲ್ಯಾಬಿಗೆ ಮೂರು ಹೊತ್ತು ನೀರು ಕುಡಿಸಿದ್ದು ಯಾರು?"

ಯಶೋಧರ ನಕ್ಕು ಬೀಗದ ಹಳೆಯ ಪಿನ್ನುಗಳನ್ನು ಅಂಗೈಗೆ ಸುರಿದುಕೊಂಡ. ಕಟ್ಟುವಾಗ ಟೈಲ್ಸಿನವರು, ಪೇಂಟಿನವರು, ಎ.ಸಿ.ಯವರು, ಎಲ್ಲರ ಜೇಬಿನಲ್ಲೂ ಈ ಮನೆಯ ಕೀ ಇತ್ತು. ಯಜಮಾನ ಅಬು ಫಹದ್‌ನ ಕುಟುಂಬ ನಾಳೆ ಬರುವುದಿತ್ತು. ಅದಕ್ಕೆ ಮೊದಲು ಆ ಕೀಗಳೆಲ್ಲ ಸಾಯಬೇಕು. ಧನರಾಜನ ಸೊಂಟದಲ್ಲಿ ನೇತಾಡುತ್ತಿದ್ದ ಗೊಂಚಲೂ ಅದರಲ್ಲಿ ಸೇರಿತ್ತು.

ಒಳಗೆ ಅಮೃತಶಿಲೆಯ ನೆಲ ಕನ್ನಡಿಯ ಹಾಗಿತ್ತು. ಧನರಾಜ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದ. ಗಂಡಸರು ಕೂರುವ ದೀವಾನಿಯಾದ ಮೂಲೆಯಲ್ಲಿ ಅವನ ಚಾಪೆ, ಅನ್ನದ ಪಾತ್ರೆ, ಒಂದು ಹಳೆ ಸೂಟ್‌ಕೇಸು. ಧೂಳಿನ ಗಾಳಿ ಬೀಸಿದ ಮರುದಿನ ಹನ್ನೆರಡು ಕೋಣೆಯನ್ನೂ ಗುಡಿಸುತ್ತಿದ್ದನಂತೆ.

"ಯಾರೂ ಇಲ್ಲದ ಮನೆ ಯಾಕೆ ಗುಡಿಸುದು?"

"ಮತ್ತೆ ಎಂತ ಮಾಡುದು ಅಣ್ಣ? ಮಾತಾಡ್ಲಿಕ್ಕೆ ಯಾರುಂಟು?" ಧನರಾಜ ಲೋಟದೊಳಗೆ ನೋಡುತ್ತ ಹೇಳಿದ. "ನನ್ನನ್ನು ಇಟ್ಟುಕೊಳ್ತಾರೋ ಕಳಿಸ್ತಾರೋ ಗೊತ್ತಾಗುದಿಲ್ಲ. ಬಾಬಾ ಎಂತದೂ ಹೇಳ್ಲಿಲ್ಲ. ಕೇಳುವಾ ಅಂದ್ರೆ ಹೆದರಿಕೆ. ಮಗಳಿಗೆ ನರ್ಸಿಂಗ್ ಇನ್ನೂ ಎರಡು ವರ್ಷ ಉಂಟು."

ಯಶೋಧರ ಹೊಸ ಪಿನ್ನುಗಳನ್ನು ಒಂದೊಂದಾಗಿ ಬೀಗಕ್ಕೆ ತುಂಬಿದ. ಮನೆಯಲ್ಲಿ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ಎಷ್ಟು ಕೀ ಎಂದು ಕೇಳಿಕೊಂಡವನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಗಂಡ ಹೆಂಡತಿ ಬೇರೆಯಾಗುವಾಗ ತಿಳಿಯುತ್ತದೆ, ಮಗ ಮನೆಬಿಟ್ಟಾಗ ತಿಳಿಯುತ್ತದೆ. ಅಬು ಫಹದ್ ಹೇಳಿದ್ದು ಐದು. ಅವರು ಮನೆಯಲ್ಲಿ ಐದು ಜನ.

ಬೀಗ ಜೋಡಿಸಿ ಅವನು ತನ್ನ ವ್ಯಾನಿನ ಹಿಂಬಾಗಿಲು ತೆರೆದು ಕೀ ಕಡಿಯುವ ಯಂತ್ರ ಶುರು ಮಾಡಿದ. ಒಂಬತ್ತು ಬಾಗಿಲಿಗೂ ಒಂದೇ ಕೀ. ಹಿತ್ತಾಳೆ ಕಿರುಚಿತು, ಹೊಟ್ಟು ಉದುರಿತು. ಕಡಿದ ಕೀಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತ ಹೋದ. ಕೈ ರೂಢಿಯಂತೆ ಆರನೆಯದನ್ನೂ ಕಡಿದು ಇಟ್ಟಿತು.

ಧನರಾಜ ಬಗ್ಗಿ ನೋಡಿದ. ಅವನ ತುಟಿಗಳು ಅಲ್ಲಾಡಿದವು. "ಬಾಬಾ, ಅವರ ಹೆಂಡತಿ, ಫಹದ್, ಸಣ್ಣವ, ಹುಡುಗಿ..." ಬೆರಳು ಆರನೆಯದರ ಮೇಲೆ ನಿಂತಿತು. "ಕೆಲಸದವಳಿಗೆ ಕೀ ಕೊಡುದಿಲ್ಲ ಅವರು. ಅಣ್ಣ, ಇದು..."

ಯಶೋಧರ ಯಂತ್ರ ನಿಲ್ಲಿಸುವುದರೊಳಗೆ ಧನರಾಜ ಊರಲ್ಲಿದ್ದ ಹೆಂಡತಿಗೆ ಫೋನ್ ಹಚ್ಚಿ ಮರಳಿಗೆ ಇಳಿದಾಗಿತ್ತು. "ಚಂಪಾ! ಕೇಳ್ತದಾ? ಕೀ ಮಾಡಿದ್ದಾರೆ, ನನಗೂ ಮಾಡಿದ್ದಾರೆ! ಹೌದು ಮಾರಾಯ್ತಿ, ನನ್ನ ಕಣ್ಣೆದುರೇ. ನವ್ಯಶ್ರೀಯ ನರ್ಸಿಂಗ್ ಫೀಸಿಗೆ ನೀನು ಆ ಬಳೆ ಅಡವು ಇಡ್ಲಿಕ್ಕೆ ಹೋಗ್ಬೇಡ..."

ಕರೆಯಬೇಕೆಂದು ಯಶೋಧರ ಬಾಯಿ ತೆರೆದ. ಆದರೆ ಮರಳಿನ ಮೇಲೆ ಬರಿಗಾಲಲ್ಲಿ ಸುತ್ತು ಹಾಕುತ್ತ ಕೈ ಬೀಸಿ ಮಾತಾಡುತ್ತಿದ್ದ ಆ ಮನುಷ್ಯನನ್ನು ನೋಡಿ ಮತ್ತೆ ಕೀಗಳ ಕಡೆ ತಿರುಗಿದ. ಇದ್ದರೂ ಇರಬಹುದಲ್ಲ, ಎಂದುಕೊಂಡ. ಯಜಮಾನ ಬಂದಾಗ ತಾನೇ ಒಂದು ಮಾತು ಹೇಳಿ ನೋಡುವುದು. ಹೊಸ ಮನೆ, ತೋಟದವರು ಬರುತ್ತಾರೆ, ಲಿಫ್ಟಿನವರು ಬರುತ್ತಾರೆ, ಬಾಗಿಲು ತೆಗೆಯಲು ಒಬ್ಬ ಬೇಡವೇ?

ಸಂಜೆಯ ನಮಾಜಿಗೆ ಮುಂಚೆ ಅಬು ಫಹದ್‌ನ ಕಾರು ಬಂತು. ಒಂಬತ್ತು ಬಾಗಿಲನ್ನೂ ಅವನೇ ತೆಗೆದು, ಬೀಗ ಹಾಕಿ ನೋಡಿದ. "ಝೈನ್, ಝೈನ್," ಚೆನ್ನಾಗಿದೆ, ಎಂದು ತಲೆದೂಗಿದ. ಆಮೇಲೆ ಕೀ ಎಣಿಸಿದ.

"ಗೆಳೆಯಾ, ಖಮ್ಸಾ, ಐದು ಅಂದಿದ್ದೆ. ಇದು ಆರು."

"ಒಂದು ಹೆಚ್ಚಿಗೆ, ಬಾಬಾ. ಫ್ರೀ." ಯಶೋಧರ ತನಗೆ ಬಂದಷ್ಟು ಅರಬ್ಬಿ, ಹಿಂದಿ ಎಲ್ಲ ಕೂಡಿಸಿ ಹೇಳಿದ. "ಈ ಕಾವಲುಗಾರ ಒಳ್ಳೆಯವ. ಮನೆಯನ್ನು ಪೂರ್ತಿ ಬಲ್ಲ. ಇದು ಅವನ ಕೈಯಲ್ಲಿದ್ದರೆ ನಿಮಗೇ ಅನುಕೂಲ."

ಅಬು ಫಹದ್ ಒಮ್ಮೆ ಧನರಾಜನ ಕಡೆ ನೋಡಿದ. ಬಾಗಿಲ ಪಕ್ಕ ನೆಟ್ಟಗೆ ನಿಂತಿದ್ದ ಧನರಾಜ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಯಜಮಾನನ ಮುಖದಲ್ಲಿ ಸಂಕೋಚ ಕಂಡಿತು; ಅವನು ಕೆಟ್ಟವನಲ್ಲ.

"ಒಳ್ಳೆಯವ, ನನಗೆ ಗೊತ್ತಿಲ್ಲವೇ? ಎರಡು ವರ್ಷ ಒಂದು ಮೊಳೆ ಕಳೆದಿಲ್ಲ." ಮೇಲೆ ಕಣ್ಣರಳಿಸಿ ಕುಳಿತಿದ್ದ ಕ್ಯಾಮೆರಾ ತೋರಿಸಿದ. "ಆದರೆ ಈಗ ಇವು ಬಂದಿವೆ. ಬುಧವಾರಕ್ಕೆ ಅವನ ಟಿಕೆಟ್ ಮಾಡಿಸಿದ್ದೇನೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಲೇ ಉಳಿಯಿತು." ಆರನೆಯ ಕೀಯನ್ನು ಯಶೋಧರನ ಕೈಗೆ ಹಾಕಿದ. "ಹೆಣ್ಣುಮಕ್ಕಳಿರುವ ಮನೆ. ಹೆಚ್ಚಿನ ಕೀ ಹೊರಗಿರಬಾರದು. ನನ್ನೆದುರೇ ಮುರಿ."

ಆ ಮಾತು ಸರಿಯೇ. ಯಶೋಧರನೂ ತನ್ನ ಮನೆಯಾಗಿದ್ದರೆ ಹಾಗೆಯೇ ಹೇಳುತ್ತಿದ್ದ. ಕೀಯನ್ನು ವ್ಯಾನಿನ ಇಕ್ಕಳಕ್ಕೆ ಕಚ್ಚಿಸಿ, ಕುತ್ತಿಗೆಯ ಹತ್ತಿರ ಹಿಡಿದು ತಿರುಚಿದ. ಟಕ್ಕೆಂದಿತು. ಧನರಾಜ ನೋಡುತ್ತಲೇ ಇದ್ದ. ಮೇಲಿನ ಗುಂಡಿಯನ್ನು ಬಿಚ್ಚಿಕೊಂಡ, ಅಷ್ಟೇ.

ಅಬು ಫಹದ್ ಬೀಳ್ಕೊಡುವಂತೆ ಧನರಾಜನ ಕೆನ್ನೆಗೆ ಕೆನ್ನೆ ತಾಗಿಸಿದ. ಬುಧವಾರದವರೆಗೆ ಸುಲೈಬಿಯಾದ ತನ್ನ ಗೋದಾಮಿನಲ್ಲಿ ಮಲಗಬಹುದು, ಪಾಸ್‌ಪೋರ್ಟ್ ಅಲ್ಲಿಗೇ ತರಿಸುತ್ತೇನೆ ಎಂದ. ಐದು ಕೀ ಜೇಬಿಗಿಳಿಸಿ, ಯಶೋಧರನ ಹಣ ಕೊಟ್ಟು, ಹೊರಗಿನ ನಲ್ಲಿಯನ್ನೊಮ್ಮೆ ನೋಡಿ ಕಾರು ಹತ್ತಿದ.

ಯಶೋಧರ ಯಂತ್ರ ಕಟ್ಟಿದ. ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ತಿರುಗಿದರೆ ಧನರಾಜ ಹೊರಗೆ ನಿಂತು, ಸೊಂಟದ ಗೊಂಚಲಿನಿಂದ ಹಳೆಯ ಕೀ ಹಾಕಿ ತಿರುಗಿಸುತ್ತಿದ್ದ. ಎರಡು ವರ್ಷದ ಅಭ್ಯಾಸ. ಹೊರಗೆ ಬಂದರೆ ಬಾಗಿಲೆಳೆದು ಬೀಗ ಹಾಕುವುದು. ಕೀ ಒಳಗೆ ಹೋಯಿತು, ತಿರುಗಲಿಲ್ಲ; ಎಳೆದರೇ ಕಚ್ಚಿಕೊಳ್ಳುವ ಬಾಗಿಲು ತೆರೆಯಲೂ ಇಲ್ಲ.

"ಅಣ್ಣ," ಎಂದ ಅವನು. "ನನ್ನ ಚಾಪೆ, ಪೆಟ್ಟಿಗೆ ಒಳಗೇ ಉಳೀತು."

ಬೈಯಬೇಕೋ ನಗಬೇಕೋ ತಿಳಿಯದೆ ಯಶೋಧರ ಫೋನ್ ತೆಗೆದು ಅಬು ಫಹದ್‌ಗೆ ವಿಷಯ ಹೇಳಿದ. "ನೀನೇ ತೆಗೆ, ಕ್ಯಾಮೆರಾದಲ್ಲಿ ನೋಡುತ್ತಿರುತ್ತೇನೆ," ಎಂದಿತು ಅತ್ತ ಕಡೆಯ ದನಿ. ಮುರಿದ ಕೀಯ ಹಲ್ಲಿನ ತುಂಡು ಜೇಬಿನಲ್ಲೇ ಇತ್ತು. ಅದನ್ನು ಬೀಗಕ್ಕೆ ತೂರಿಸಿ, ತುದಿಯನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲನೆ ತಿರುಗಿಸಿದ. ಬಾಗಿಲು ತೆರೆದುಕೊಂಡಿತು.

ಧನರಾಜ ಒಳಗೆ ಹೋದ. ಬರಲು ತಡವಾಯಿತು. ಒಳಗಿನಿಂದ ಪೊರಕೆಯ ಸದ್ದು ಕೇಳಿಸಿತು. ದೀವಾನಿಯಾದ ಮೂಲೆಯಲ್ಲಿ ಚಾಪೆ ಇದ್ದ ಜಾಗವನ್ನು ಗುಡಿಸುತ್ತಿದ್ದನೇನೋ. ಯಶೋಧರ ಅವಸರ ಮಾಡಲಿಲ್ಲ. ಹೊಸ್ತಿಲ ಹೊರಗೆ ಕುಳಿತು ಆ ತುಂಡಿನ ಹಲ್ಲುಗಳನ್ನು ಅರದಿಂದ ತಿಕ್ಕಿ ನುಣ್ಣಗೆ ಮಾಡಿದ, ಕ್ಯಾಮೆರಾಗೆ ಕಾಣುವಂತೆ.

"ಸುಲೈಬಿಯಾ ಗೋದಾಮು ಬೇಡ," ಎಂದ, ಧನರಾಜ ಸೂಟ್‌ಕೇಸು ಎತ್ತಿಕೊಂಡು ಬಂದಾಗ. "ರಿಗ್ಗೈಯಲ್ಲಿ ನನ್ನ ರೂಮುಂಟು. ಜೋಕಿಮ್ ಅಂತ ಒಬ್ಬ ಇದ್ದ, ಊರಿಗೆ ಹೋದವ ಬರ್ಲೇ ಇಲ್ಲ. ಅವನ ಮಂಚದ ಮೇಲೆ ನಾನು ಬಟ್ಟೆ ಒಣಗಿಸ್ತಿದ್ದೇನೆ. ಬಟ್ಟೆ ತೆಗೆದ್ರೆ ಆಯ್ತು."

"ನಿಮಗೆ ತೊಂದರೆ."

"ಕೀ ಹೆಚ್ಚು ಮಾಡಿದವ ನಾನು. ವ್ಯಾನ್ ಹತ್ತು."

ವ್ಯಾನು ಹೆದ್ದಾರಿ ಸೇರುವಾಗ ಧನರಾಜನ ಫೋನ್ ಬಡಿದುಕೊಂಡಿತು. ಚಂಪಾ. ಅವನು ಅದು ತಾನಾಗಿ ನಿಲ್ಲುವವರೆಗೂ ಕೈಯಲ್ಲಿ ಹಿಡಿದುಕೊಂಡೇ ಇದ್ದ. ಹಿಂದೆ ಮುತ್ಲಾದ ಹೊಸ ಮನೆಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು.

"ಅಣ್ಣ, ನಿಮ್ಮ ರೂಮಲ್ಲಿ ಪೊರಕೆ ಉಂಟಾ?"

"ಉಂಟು. ಯಾಕೆ?"

"ಹಾಗೇ ಕೇಳಿದೆ."

ಆ ದಿನ ಯಶೋಧರನಿಗೆ ಇಪ್ಪತ್ತೇಳು ದಿನಾರ್ ಬಂತು. ಒಂದು ಕೀ ಹೋಯಿತು. ಜೋಕಿಮನ ಮಂಚಕ್ಕೆ ಬುಧವಾರದವರೆಗೆ ಒಬ್ಬ ಜನ ಸಿಕ್ಕಿದ.